ಮೆಲ್ಬರ್ನ್‌ನಿಂದ ಚಿನ್ನದೂರುಗಳಿಗೆ: ಕಾರಿಲ್ಲದೆ ಹೋಗಿ ಬರುವುದು ಹೇಗೆ?

ಮಗನ ಮನೆಗೋ ಮಗಳ ಮನೆಗೋ ಅಂತ ಮೆಲ್ಬರ್ನ್‌ಗೆ ಬಂದ ಅಪ್ಪ-ಅಮ್ಮಂದಿರ ಕಥೆ ಹೆಚ್ಚುಕಡಿಮೆ ಒಂದೇ. ಮೊದಲ ವಾರಾಂತ್ಯ ಗ್ರೇಟ್ ಓಷನ್ ರೋಡ್. ಎರಡನೆಯದು ಪೆಂಗ್ವಿನ್ ನೋಡಲು ಫಿಲಿಪ್ ಐಲ್ಯಾಂಡ್. ಮೂರನೆಯ ವಾರಕ್ಕೆ ಮಕ್ಕಳಿಗೆ ಸುಸ್ತು. ಆಮೇಲೆ ಎರಡು ತಿಂಗಳು ಮನೆಯಲ್ಲೇ ಕೂತು, ಸಂಜೆ ಪಾರ್ಕಿಗೆ ಎರಡು ಸುತ್ತು ಹಾಕಿ ಊರಿಗೆ ವಾಪಸ್.

ಅಷ್ಟಕ್ಕೇ ಬಿಡಬೇಕಾಗಿಲ್ಲ. ಮೆಲ್ಬರ್ನ್‌ನಿಂದ ರೈಲು ಹತ್ತಿದರೆ ಹೆಚ್ಚುಕಡಿಮೆ ಎರಡು ಗಂಟೆಯಲ್ಲಿ ಹಳೆಯ ಚಿನ್ನದೂರುಗಳ ಕಡೆ ತಲುಪುತ್ತೀರಿ. ಬ್ಯಾಲರಾಟ್, ಬೆಂಡಿಗೊ, ಕಾಸಲ್‌ಮೇನ್, ಮಾಲ್ಡನ್. ಮಕ್ಕಳ ರಜೆಗೆ ಕಾಯದೆ, ವಾರದ ನಡುವೆ ನೀವಿಬ್ಬರೇ ಹೋಗಿ ಬರಬಹುದು.

ಮೊದಲು ಒಂದು ಊರು ಆರಿಸಿಕೊಳ್ಳಿ

ಒಂದೇ ಊರು. ಇದು ನನ್ನ ಹಟ ಅಂತಲೇ ತಿಳಿಯಿರಿ. ಒಂದು ದಿನದಲ್ಲಿ ಮೂರು ಊರು ಮುಗಿಸಲು ಹೊರಟವರು ಮೂರು ಊರಿನ ಪಾರ್ಕಿಂಗ್ ನೋಡಿಕೊಂಡು ಬರುತ್ತಾರೆ. ನಾನೂ ಹಾಗೆ ಬಂದವನೇ.

ಆರಿಸುವ ಮೊದಲು ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಮೆಲ್ಬರ್ನ್ ಇರುವ ವಿಕ್ಟೋರಿಯಾದಲ್ಲಿ 1851ರಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿತು. ಆಗ ಇಲ್ಲಿದ್ದ ಜನ ಸುಮಾರು 77 ಸಾವಿರ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು 5 ಲಕ್ಷ 40 ಸಾವಿರದ ಹತ್ತಿರ ಹೋಯಿತು. ಇಂಗ್ಲೆಂಡ್, ಐರ್ಲೆಂಡ್, ಚೀನಾ, ಅಮೆರಿಕ, ಎಲ್ಲೆಲ್ಲಿಂದಲೋ ಹಡಗು ಹತ್ತಿ ಬಂದರು. ಡೇರೆ ಹಾಕಿದ ಜಾಗದಲ್ಲೇ ಬ್ಯಾಂಕು, ನಾಟಕಶಾಲೆ, ದೊಡ್ಡ ದೊಡ್ಡ ಹೋಟೆಲು ಎದ್ದವು. ಚಿನ್ನ ಮುಗಿದ ಮೇಲೆ ಕೆಡವಿ ಹೊಸದು ಕಟ್ಟಲು ದುಡ್ಡೂ ಇರಲಿಲ್ಲ, ಅವಸರವೂ ಇರಲಿಲ್ಲ. ಹಾಗಾಗಿ ಬೀದಿಗೆ ಬೀದಿಯೇ ಉಳಿದುಕೊಂಡಿತು. ಬೆಂಡಿಗೊ, ಕಾಸಲ್‌ಮೇನ್ ಕಡೆಯ ಮೂಲ ಜನರಾದ ಜಾ ಜಾ ವುರಂಗ್ ಸಮುದಾಯದವರು ತಮ್ಮ ನೆಲವನ್ನು 'ತಲೆಕೆಳಗಾದ ನಾಡು' ಎನ್ನುತ್ತಾರೆ. ಅಷ್ಟು ಅಗೆದು ಹಾಕಿದ್ದಾರೆ.

ಮೊಮ್ಮಕ್ಕಳು ಜೊತೆಗಿದ್ದರೆ ಬ್ಯಾಲರಾಟ್. ಗಣಿಯೊಳಗೆ ಇಳಿಯುವ ಆಸೆ, ಚೀನೀ ಇತಿಹಾಸದ ಕುತೂಹಲ ಇದ್ದರೆ ಬೆಂಡಿಗೊ. ಒಂದು ರಾತ್ರಿ ತಂಗಲು ತಯಾರಿದ್ದರೆ ಕಾಸಲ್‌ಮೇನ್ ಮತ್ತು ಮಾಲ್ಡನ್.

ಕಾಲ ನೋಡಿ ಹೊರಡಿ

ಇಲ್ಲಿ ಕಾಲ ಉಲ್ಟಾ. ಮಾರ್ಚ್‌ನಿಂದ ಮೇ ಎಲೆ ಉದುರುವ ಕಾಲ, ಎಲ್ಲಕ್ಕಿಂತ ಒಳ್ಳೆಯದು. ಸೆಪ್ಟೆಂಬರ್‌ನಿಂದ ನವೆಂಬರ್ ಕೂಡ ಪರವಾಗಿಲ್ಲ. ಜನವರಿ-ಫೆಬ್ರವರಿಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳಿರುತ್ತವೆ, ಕಾಡ್ಗಿಚ್ಚಿನ ಭಯವೂ ಇರುತ್ತದೆ. ಆಗ ಹೊರಡುವ ಮುಂಚೆ ಕಾಡ್ಗಿಚ್ಚಿನಂಥ ಅಪಾಯದ ಎಚ್ಚರಿಕೆ ಕೊಡುವ 'ವಿಕ್ ಎಮರ್ಜೆನ್ಸಿ' ಆ್ಯಪ್ ನೋಡಲೇಬೇಕು. ಜೂನ್-ಜುಲೈಗೆ ಬ್ಯಾಲರಾಟ್ ಅಂದರೆ ಗಡಗಡ ನಡುಕ. ಮೆಲ್ಬರ್ನ್‌ಗಿಂತ ಎತ್ತರದಲ್ಲಿದೆ, ಚಳಿ ಜಾಸ್ತಿ. ಸ್ವೆಟರ್ ಸಾಲದು, ಗಾಳಿ ತಡೆಯುವ ಜಾಕೆಟ್ ಬೇಕು.

ಸೋಮವಾರ, ಮಂಗಳವಾರ ಸಣ್ಣ ಊರುಗಳಲ್ಲಿ ಅರ್ಧ ಅಂಗಡಿ ಬಾಗಿಲು ಹಾಕಿರುತ್ತವೆ. ಬುಧವಾರದ ಮೇಲೆ ಹೊರಡಿ.

ಮೈಕಿ ಕಾರ್ಡ್, ರೈಲು

ನಗರದ ಟ್ರಾಮಿಗೆ ಬಳಸುವ ಅದೇ ಮೈಕಿ ಕಾರ್ಡ್ ಬ್ಯಾಲರಾಟ್, ಕಾಸಲ್‌ಮೇನ್, ಬೆಂಡಿಗೊ ತನಕ ನಡೆಯುತ್ತದೆ. 2023ರ ಮಾರ್ಚ್ ಕೊನೆಯಿಂದ ಇನ್ನೊಂದು ಅನುಕೂಲವೂ ಆಗಿದೆ. ಊರ ಹೊರಗೆ ಎಷ್ಟೇ ದೂರ ಹೋದರೂ ದಿನದ ಖರ್ಚು ಮೆಲ್ಬರ್ನ್ ನಗರದೊಳಗಿನ ದಿನದ ಟಿಕೆಟ್ಟಿನ ಮಿತಿಯನ್ನು ದಾಟುವುದಿಲ್ಲ. 150 ಕಿ.ಮೀ. ದೂರದ ಬೆಂಡಿಗೊಗೆ ಹೋಗಿ ಬಂದರೂ ಅಷ್ಟೇ ದುಡ್ಡು!

ರೈಲು ಹೊರಡುವುದು ಮೆಲ್ಬರ್ನ್‌ನ ಸದರ್ನ್ ಕ್ರಾಸ್ ಸ್ಟೇಷನ್ನಿನಿಂದ, ಹೊರ ಊರುಗಳ ರೈಲು ಓಡಿಸುವ ವಿ-ಲೈನ್ ಪ್ಲಾಟ್‌ಫಾರ್ಮಿನಿಂದ. ಬ್ಯಾಲರಾಟ್‌ಗೆ ಒಂದೂವರೆ ಗಂಟೆ ಹಿಡಿಯಿರಿ, ಬೆಂಡಿಗೊಗೆ ಎರಡು. ಈ ಎರಡು ಊರುಗಳ ರೈಲಿಗೆ ಸೀಟು ಕಾದಿರಿಸಬೇಕಾಗಿಲ್ಲ. ನಮ್ಮವರು ತುಂಬಾ ಇರುವ ಟಾರ್ನೀಟ್ ಕಡೆ ಮನೆಯಿದ್ದರೆ ಸನ್‌ಶೈನ್‌ನಲ್ಲಿ ಇಳಿದು ರೈಲು ಬದಲಿಸಿದರೆ ಆಯ್ತು.

ಹಿಂದಿನ ರಾತ್ರಿ ವೇಳಾಪಟ್ಟಿ ಇನ್ನೊಮ್ಮೆ ನೋಡಿ. ಹಳಿ ಕೆಲಸ ಇದ್ದ ದಿನ ರೈಲಿನ ಬದಲು ಬಸ್ಸು ಬಿಡುತ್ತಾರೆ, ಸಮಯ ಜಾಸ್ತಿ ಹಿಡಿಯುತ್ತದೆ. ಹತ್ತುವಾಗಲೂ ಇಳಿದ ಮೇಲೂ ಕಾರ್ಡ್ ಮುಟ್ಟಿಸುವುದನ್ನು ಮರೆಯಬೇಡಿ.

ಬ್ಯಾಲರಾಟ್‌ನಲ್ಲಿ ಒಂದು ದಿನ

ಬೆಳಗ್ಗೆ ಸೀದಾ ಸಾವರಿನ್ ಹಿಲ್‌ಗೆ ಹೋಗಿ. ಸ್ಟೇಷನ್ನಿನಿಂದ ಸಿಟಿ ಬಸ್ಸಿದೆ. 1970ರಲ್ಲಿ ತೆರೆದ ಈ ಬಯಲು ಮ್ಯೂಸಿಯಂ 1850ರ ದಶಕದ ಒಂದು ಇಡೀ ಪೇಟೆಯನ್ನೇ ಮತ್ತೆ ಕಟ್ಟಿದೆ. ಕಮ್ಮಾರ, ಕುದುರೆಗಾಡಿ, ಮಿಠಾಯಿ ಅಂಗಡಿ, ಕೆಂಪು ಕೋಟಿನ ಸಿಪಾಯಿಗಳು, ಎಲ್ಲ ಇದ್ದಾರೆ. ಟಿಕೆಟ್ ಅಗ್ಗವಲ್ಲ, ಆದರೆ ಅರ್ಧ ದಿನ ಆರಾಮಾಗಿ ಕಳೆಯುತ್ತದೆ.

ಇಲ್ಲಿ ತಪ್ಪಿಸಬಾರದ್ದು ತೊರೆಯಲ್ಲಿ ಚಿನ್ನ ಜಾಲಿಸುವುದು. ಅಕ್ಕಿಯಿಂದ ಕಲ್ಲು ಜಾಲಿಸಿ ಗೊತ್ತಿದ್ದವರಿಗೆ ಇದು ಬಲು ಸುಲಭ. ತಟ್ಟೆಯಲ್ಲಿ ಮರಳು ತುಂಬಿ, ನೀರಲ್ಲಿ ಮುಳುಗಿಸಿ, ಮೆಲ್ಲಗೆ ಅಲ್ಲಾಡಿಸಿ. ಚಿನ್ನ ಭಾರ, ತಳಕ್ಕೆ ಕೂರುತ್ತದೆ. ಮೇಲಿನ ಮರಳನ್ನು ಸ್ವಲ್ಪ ಸ್ವಲ್ಪವೇ ನೀರಿನ ಜೊತೆ ಹೊರಗೆ ಬಿಡಿ. ಅವಸರ ಮಾಡಿದರೆ ಕೆಟ್ಟಿತು. ಕೊನೆಗೆ ಸೂಜಿಮೊನೆಯಷ್ಟು ಹೊಳಪು ಕಂಡರೆ ಅದು ನಿಜವಾದ ಚಿನ್ನ, ಮನೆಗೆ ತರಬಹುದು. ಎಷ್ಟು ಬೆಲೆ ಅಂತ ಮಾತ್ರ ಯಾರೂ ಕೇಳಬೇಡಿ. 1858ರಲ್ಲಿ ಇದೇ ಊರಲ್ಲಿ ಸುಮಾರು 69 ಕೆ.ಜಿ. ತೂಕದ ಗಟ್ಟಿಯೊಂದು ಸಿಕ್ಕಿತ್ತು. 'ವೆಲ್ಕಂ ನಗೆಟ್' ಅಂತ ಅದರ ಹೆಸರು.

ಊಟವಾದ ಮೇಲೆ ಯುರೇಕಾ ಸೆಂಟರ್, ಗಣಿಗಾರರ ದಂಗೆಯ ಮ್ಯೂಸಿಯಂ. ಇಲ್ಲಿನ ಕಥೆ ಗೊತ್ತಿಲ್ಲದೆ ಹೋದರೆ ಹರಿದ ನೀಲಿ ಬಟ್ಟೆ ನೋಡಿ ಬಂದ ಹಾಗಾಗುತ್ತದೆ. ಆಗ ಚಿನ್ನ ಅಗೆಯಲು ಲೈಸೆನ್ಸ್ ಶುಲ್ಕವಿತ್ತು, ಮೊದಮೊದಲು ತಿಂಗಳಿಗೆ 30 ಶಿಲ್ಲಿಂಗ್. ಚಿನ್ನ ಸಿಗಲಿ ಬಿಡಲಿ, ಕಟ್ಟಲೇಬೇಕು. ಪೊಲೀಸರು ಡೇರೆ ಡೇರೆಗೆ ನುಗ್ಗಿ ತಪಾಸಣೆ ಮಾಡುತ್ತಿದ್ದರು. ರೋಸಿಹೋದ ಗಣಿಗಾರರು ಲೈಸೆನ್ಸುಗಳನ್ನು ಸುಟ್ಟು, ಪೀಟರ್ ಲೇಲರ್ ಎಂಬ ಐರಿಷ್ ಯುವಕನ ನೇತೃತ್ವದಲ್ಲಿ ಮರದ ದಿಮ್ಮಿಗಳ ಕೋಟೆ ಕಟ್ಟಿ ನಿಂತರು. 1854ರ ಡಿಸೆಂಬರ್ 3, ಭಾನುವಾರ ನಸುಕಿನಲ್ಲಿ ಸೈನ್ಯ ಮೇಲೆ ಬಿತ್ತು. ಕಾಳಗ ಅರ್ಧ ಗಂಟೆಯೂ ನಡೆಯಲಿಲ್ಲ, 20ಕ್ಕೂ ಹೆಚ್ಚು ಗಣಿಗಾರರು ಸತ್ತರು. ಆದರೆ ಆಮೇಲೆ ರಾಜದ್ರೋಹದ ಆರೋಪ ಹೊತ್ತು ಕಟಕಟೆ ಹತ್ತಿದ 13 ಜನರನ್ನೂ ನ್ಯಾಯಾಲಯ ಬಿಟ್ಟುಬಿಟ್ಟಿತು. ತಿಂಗಳ ಲೈಸೆನ್ಸ್ ರದ್ದಾಗಿ, ವರ್ಷಕ್ಕೆ ಒಂದು ಪೌಂಡಿನ ಪರವಾನಗಿ ಬಂತು. ಕಾಳಗದಲ್ಲಿ ಎಡಗೈ ಕಳೆದುಕೊಂಡ ಲೇಲರ್ ಮುಂದೆ ವಿಕ್ಟೋರಿಯಾ ವಿಧಾನಸಭೆಯ ಸ್ಪೀಕರ್ ಆದ! ಗಾಜಿನ ಹಿಂದೆ ಕಾಣುವುದು ಆ ದಿನ ಹಾರಿದ ಬಾವುಟ. ನೆನಪಿಗೆ ಅಂತ ಜನ ಚೂರು ಚೂರು ಕತ್ತರಿಸಿಕೊಂಡು ಹೋದದ್ದರಿಂದ ಒಂದು ಬದಿ ಹಾಗೆ ಹರಿದಿದೆ.

ಕಾಲಲ್ಲಿ ಇನ್ನೂ ಕಸುವಿದ್ದರೆ ವೆಂಡೂರಿ ಕೆರೆ ದಂಡೆಗೆ ಹೋಗಿ ಕೂರಿ. 1956ರ ಒಲಿಂಪಿಕ್ಸ್ ದೋಣಿ ಸ್ಪರ್ಧೆ ನಡೆದ ಕೆರೆ ಅದು.

ಬೆಂಡಿಗೊ ಆದರೆ

ಸೆಂಟ್ರಲ್ ಡೆಬೊರಾ ಗಣಿಯಿಂದ ಶುರು ಮಾಡಿ. 1939ರಿಂದ 1954ರ ತನಕ ನಡೆದ ಈ ಗಣಿಯ ಆಳ 411 ಮೀಟರ್. ಟೋಪಿ, ದೀಪ ಕೊಟ್ಟು 61 ಮೀಟರ್ ಕೆಳಕ್ಕೆ ಕರೆದೊಯ್ಯುತ್ತಾರೆ. ಅದಕ್ಕಿಂತ ಆಳದ ಟೂರ್ ಕೂಡ ಇದೆ. ಇಕ್ಕಟ್ಟು ಅಂದರೆ ಉಸಿರು ಕಟ್ಟುವವರು ಮೇಲೇ ಇರಿ, ಮೇಲೂ ನೋಡಲು ಬೇಕಾದಷ್ಟಿದೆ. ಕೋಲಾರದ ನಮ್ಮ ಗಣಿ ಮೂರು ಕಿ.ಮೀ.ಗೂ ಆಳ, 2001ರಲ್ಲಿ ಮುಚ್ಚಿತು. ಇಲ್ಲಿ ಕೆಳಗಿಳಿದು ನಿಂತಾಗ ಅದು ನೆನಪಾಗಿ ಹೊಟ್ಟೆ ಉರಿದದ್ದು ನಿಜ.

ಗಣಿಯ ಹತ್ತಿರವೇ ಹಳೆಯ ಕಾಲದ ಟ್ರಾಮ್ ಸಿಗುತ್ತದೆ. ಅದು ಗೋಲ್ಡನ್ ಡ್ರ್ಯಾಗನ್ ಮ್ಯೂಸಿಯಂ ಕಡೆಗೂ ಹೋಗುತ್ತದೆ. 1855ರಲ್ಲಿ ವಿಕ್ಟೋರಿಯಾ ಸರ್ಕಾರ ಹಡಗಿನಲ್ಲಿ ಬರುವ ಪ್ರತಿ ಚೀನೀಯನ ಮೇಲೆ 10 ಪೌಂಡ್ ತೆರಿಗೆ ಹಾಕಿತು. ಅವರು ಏನು ಮಾಡಿದರು ಗೊತ್ತಾ? ಪಕ್ಕದ ಸೌತ್ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿದು, 400 ಕಿ.ಮೀ.ಗೂ ಹೆಚ್ಚು ದೂರ ಹೆಗಲ ಮೇಲೆ ಅಡ್ಡೆ ಹೊತ್ತು ನಡೆದುಕೊಂಡೇ ಬಂದರು. ಮ್ಯೂಸಿಯಂನಲ್ಲಿರುವ ಡ್ರ್ಯಾಗನ್‌ಗಳಲ್ಲಿ ದೊಡ್ಡದು 100 ಮೀಟರಿಗೂ ಉದ್ದ. ಈಸ್ಟರ್ ಹಬ್ಬದ ಮೆರವಣಿಗೆಗೆ ಡ್ರ್ಯಾಗನ್ ಬೀದಿಗೆ ಬರುತ್ತದೆ, ಆ ಹೊತ್ತಿಗೆ ರೂಮು ಬೇಕಿದ್ದರೆ ತುಂಬಾ ಮೊದಲೇ ಹಿಡಿಯಿರಿ.

ಒಂದು ರಾತ್ರಿ ತಂಗುವವರಿಗೆ

ಬೆಂಡಿಗೊ ರೈಲಿನಲ್ಲೇ ಕಾಸಲ್‌ಮೇನ್‌ನಲ್ಲಿ ಇಳಿಯಿರಿ. ಅಲ್ಲಿಂದ ಮಾಲ್ಡನ್‌ಗೆ ಉಗಿಬಂಡಿ ಇದೆ, ಓಡಿಸುವವರು ಬಹುಪಾಲು ಸ್ವಯಂಸೇವಕರು. ಪ್ರತಿದಿನ ಓಡುವುದಿಲ್ಲ, ದಿನ ನೋಡಿಕೊಂಡೇ ರೂಮು ಬುಕ್ ಮಾಡಿ. ಮಾಲ್ಡನ್‌ಗೆ 1960ರ ದಶಕದಲ್ಲೇ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 'ಗಮನಾರ್ಹ ಪಟ್ಟಣ' ಎಂಬ ಮನ್ನಣೆ ಕೊಟ್ಟಿತು, ದೇಶದಲ್ಲೇ ಮೊದಲನೆಯದು. ನೋಡಲು ಇರುವುದು ಒಂದು ಬೀದಿ, ತಗಡಿನ ಜಗುಲಿಗಳು, ಒಂದು ಬೇಕರಿ. ನನಗೆ ಅಷ್ಟೇ ಸಾಕು.

ಊರ ಹೊರಗಿನ ಕುರುಚಲು ಕಾಡಿನಲ್ಲಿ ಗುರುತು ಹಾಕಿದ ದಾರಿ ಬಿಟ್ಟು ಹೋಗಬೇಡಿ. ಹಳೆಯ ಗಣಿಗುಂಡಿಗಳು ಪೊದೆಯಲ್ಲಿ ಬಾಯಿ ತೆರೆದುಕೊಂಡಿರುತ್ತವೆ.

ಊಟದ ವಿಷಯ

ಬ್ಯಾಲರಾಟ್, ಬೆಂಡಿಗೊ ಎರಡರಲ್ಲೂ ಭಾರತೀಯ ಹೋಟೆಲುಗಳಿವೆ. ಸಣ್ಣ ಊರಿನಲ್ಲಿ ಮಾತ್ರ ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ಪೈ ಅಂದರೆ ಒಳಗೆ ಮಾಂಸ ಅಂತಲೇ ಲೆಕ್ಕ. ಹಿಟ್ಟಿನೊಳಗೆ ಹೂರಣ ಮಡಚಿ ಬೇಯಿಸಿದ ತರಕಾರಿಯ ಪಾಸ್ಟಿ ಸಿಕ್ಕರೂ ಕೇಳಿಯೇ ತಿನ್ನಿ. ಕೆಫೆಗಳು ಮಧ್ಯಾಹ್ನ ಮೂರಕ್ಕೆಲ್ಲ ಮುಚ್ಚುತ್ತವೆ, ರಾತ್ರಿ ಎಂಟೂವರೆ ದಾಟಿದರೆ ಅಡುಗೆಮನೆ ಬಂದ್. ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡು ಹೋದರೆ ಯಾರೂ ಏನೂ ಅನ್ನುವುದಿಲ್ಲ. ಪಾರ್ಕಿನ ಬೆಂಚುಗಳು ಇರುವುದೇ ಅದಕ್ಕೆ ಅಲ್ವಾ? ಮ್ಯಾಗ್‌ಪೈ ಹಕ್ಕಿ ಬಂದು ಪಕ್ಕದಲ್ಲಿ ನಿಂತರೆ ಡಬ್ಬಿ ಮುಚ್ಚಿಕೊಳ್ಳಿ.