ಹಲ್ಲು ಕಿತ್ತ ಮೇಲೆ ಆರೇಳು ವಾರ ಕಾದು ಇಂಪ್ಲಾಂಟ್: ನನ್ನ ಅನುಭವ

ಮೇಲಿನ ಮುಂಭಾಗದ ಹಲ್ಲು ಕಿತ್ತ ದಿನವೇ ಇಂಪ್ಲಾಂಟ್ (ಬೇರಿನ ಬದಲು ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ) ಹಾಕುವುದನ್ನು ನಾನು ಬಹುಪಾಲು ಕೇಸುಗಳಲ್ಲಿ ಬಿಟ್ಟಿದ್ದೇನೆ. ಆರೇಳು ವಾರ ಕಾದು ಹಾಕುತ್ತೇನೆ. ‘ಪೇಷಂಟ್ ಅಲ್ಲೀವರೆಗೆ ಇರ್ತಾರಾ, ಬೇರೆ ಕ್ಲಿನಿಕ್‌ಗೆ ಹೋಗ್ತಾರೆ’ ಅಂದವರೇ ಜಾಸ್ತಿ. ‘ಕಾಯೋದಾದ್ರೆ ಆರು ತಿಂಗಳು ಕಾಯಿ, ಮೂಳೆ ತುಂಬಲಿ’ ಅಂತ ಇನ್ನು ಕೆಲವರು. ಈಗ ನಾಲ್ಕೈದು ವರ್ಷದ ಎಕ್ಸ್‌ರೇಗಳು ನನ್ನ ಹತ್ತಿರ ಇವೆ, ಮೂಳೆ ಚೆನ್ನಾಗಿ ನಿಂತಿದೆ.

ಅದೇ ದಿನ ಹಾಕಿದಾಗ ಕಾಡಿದ್ದು ಇಂಪ್ಲಾಂಟ್ ಬಿದ್ದುಹೋಗುವುದಲ್ಲ, ವಸಡು ಇಳಿಯುವುದು. ತುಟಿ ಕಡೆಯ ಮೂಳೆ ಹೆಚ್ಚಿನವರಲ್ಲಿ 1 ಮಿ.ಮೀ. ಕೂಡ ಇರುವುದಿಲ್ಲ. ಹಲ್ಲು ಹೋದರೆ ಅದು ಕರಗುತ್ತದೆ, ಒಳಗೆ ಇಂಪ್ಲಾಂಟ್ ಇದ್ದರೂ ಕರಗುತ್ತದೆ. ವರ್ಷದೊಳಗೆ ಕ್ರೌನ್, ಅಂದರೆ ಇಂಪ್ಲಾಂಟ್ ಮೇಲೆ ಕೂರಿಸಿದ ಹಲ್ಲು, ಉದ್ದ ಕಾಣಿಸುತ್ತದೆ, ವಸಡಿನಡಿ ಬೂದು ನೆರಳು. ಮತ್ತೆ ಗ್ರಾಫ್ಟ್ (ಕಸಿ), ಮತ್ತೆ ಕ್ರೌನ್, ಮತ್ತೆ ಲ್ಯಾಬ್ ಬಿಲ್. ಇದನ್ನೆಲ್ಲ ಪೇಷಂಟ್ ಹತ್ತಿರ ಕೇಳೋಕಾಗಲ್ಲ, ಅಲ್ವಾ? ಅಂಥ ಒಂದು ಕೇಸು ಮೂರು ಒಳ್ಳೆ ಕೇಸುಗಳ ಲಾಭ ತಿಂದುಹಾಕುತ್ತಿತ್ತು. ತುಟಿ ಕಡೆಯ ಮೂಳೆಯ ಗೋಡೆ ಪೂರ್ತಿ ಉಳಿದಿದ್ದು, ದಪ್ಪವೂ ಇದ್ದು, ವಸಡೂ ದಪ್ಪ ಇದ್ದರೆ ಮಾತ್ರ ಈಗಲೂ ಅದೇ ದಿನ ಹಾಕುತ್ತೇನೆ.

ಆರೇಳು ವಾರಕ್ಕೆ ವಸಡು ಮುಚ್ಚಿಕೊಂಡಿರುತ್ತದೆ, ಕೆಲಸಕ್ಕೆ ಬೇಕಾದಷ್ಟು ಸಿಗುತ್ತದೆ. ಹಳೆ ಕೀವೂ ಹೋಗಿರುತ್ತದೆ. ಸಾಕೆಟ್, ಅಂದರೆ ಬೇರಿದ್ದ ಕುಳಿ, ಪೂರ್ತಿ ತುಂಬಿರುವುದಿಲ್ಲ, ನಿಜ. ಆದರೆ ಅಂಗುಳದ ಕಡೆಯ ಗೋಡೆ ಹಿಡಿದು, ಬೇರಿನ ತುದಿಯಾಚೆ 3–4 ಮಿ.ಮೀ. ಹೋದರೆ 30–35 ಎನ್‌ಸಿಎಂ ಟಾರ್ಕ್ (ತಿರುಗಿಸಿ ಕೂರಿಸುವಾಗ ಸಿಗುವ ಬಿಗಿ) ಬರುತ್ತದೆ. ತುಟಿ ಕಡೆಗೆ ಮೂಳೆಯ ಗ್ರಾಫ್ಟ್, ಮೇಲೆ ಅದನ್ನು ಮುಚ್ಚುವ ತೆಳು ಪೊರೆ (ಮೆಂಬ್ರೇನ್). ಎಳೆತ ಇಲ್ಲದಂತೆ ಫ್ಲಾಪ್ (ಬಿಡಿಸಿದ ವಸಡು) ಮುಚ್ಚುವುದಕ್ಕೆ ನನ್ನದೇ ಒಂದು ಹೊಲಿಗೆ ಇದೆ. ಅದನ್ನು ಇಲ್ಲಿ ಬರೆಯಲ್ಲ, ಎದುರಿಗೆ ಕೂರಿಸಿಕೊಂಡು ತೋರಿಸಬೇಕಾದ್ದು.

ಇಂಪ್ಲಾಂಟ್ ಹಾಕಿದ ಮೇಲೆ ಮೂರು–ನಾಲ್ಕನೇ ವಾರ ಮಾತ್ರ, ಕ್ರೌನ್ ಕೂರಿಸಿ ಅಂತ ಯಾರು ಅವಸರ ಮಾಡಿದರೂ ಬಗ್ಗಬೇಡಿ. ಹಳೆ ಮೂಳೆಯ ಹಿಡಿತ ಸಡಿಲವಾಗಿರುತ್ತದೆ, ಹೊಸದು ಇನ್ನೂ ಬಲಿತಿರುವುದಿಲ್ಲ. ಕೆಳದವಡೆಯಲ್ಲಿ, ವಸಡಿನಡಿ ಮುಚ್ಚದೆ ಬಿಟ್ಟ ಇಂಪ್ಲಾಂಟ್‌ಗಳಲ್ಲಿ ಸುಮ್ನೆ ಕುತೂಹಲಕ್ಕೆ ಐಎಸ್‌ಕ್ಯೂ (ಇಂಪ್ಲಾಂಟ್ ಎಷ್ಟು ಗಟ್ಟಿ ನಿಂತಿದೆ ಅಂತ 100ರೊಳಗೆ ತೋರಿಸುವ ಅಂಕ) ಅಳೆದೆ. ಹಾಕಿದ ದಿನ 70 ಇದ್ದದ್ದು ತಿಂಗಳಿಗೆ 62ರ ಹತ್ತಿರ ಬಂತು. ಮುಟ್ಟದೆ ಬಿಟ್ಟೆ, ಹತ್ತನೇ ವಾರಕ್ಕೆ 74ರ ಆಸುಪಾಸು. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಶುರು ಮಾಡಿದ ನಯವಾದ ಟೈಟಾನಿಯಂ ಇಂಪ್ಲಾಂಟ್‌ಗೆ ಕೆಳದವಡೆಯಲ್ಲಿ ಮೂರು ತಿಂಗಳು, ಮೇಲ್ದವಡೆಯಲ್ಲಿ ಆರು ತಿಂಗಳು ಕಾಯಬೇಕು ಅಂತಿತ್ತು. ಈಗಿನ ಒರಟು ಮೇಲ್ಮೈಗೆ ಅಷ್ಟು ಬೇಕಿಲ್ಲ. ಆದರೂ ಗ್ರಾಫ್ಟ್ ಹಾಕಿದ ಮೇಲ್ದವಡೆಗೆ ನಾನು ನಾಲ್ಕು ತಿಂಗಳು ಕೊಡುತ್ತೇನೆ. ಸಿಗರೇಟ್ ಬಿಡದವರಿಗೆ ಇನ್ನೂ ಸ್ವಲ್ಪ ಜಾಸ್ತಿ.

ನಡುವೆ ಪಿಆರ್‌ಎಫ್ (ಪೇಷಂಟ್ ರಕ್ತದಿಂದಲೇ ತೆಗೆದು ಗಾಯಕ್ಕೆ ಇಡುವ ಫೈಬ್ರಿನ್ ಪದರ) ಕೂಡ ನೋಡಿದೆ. ವಸಡು ಬೇಗ ಮುಚ್ಚಿತು, ನೋವೂ ಕಡಿಮೆ. ಐಎಸ್‌ಕ್ಯೂ ಮಾತ್ರ ಅಷ್ಟೇ ಇತ್ತು.

ಪೇಷಂಟ್ ಓಡಿಹೋಗ್ತಾರೆ ಅಂದರಲ್ಲ? ಹಲ್ಲು ಕಿತ್ತ ದಿನವೇ ಪಕ್ಕದ ಹಲ್ಲಿಗೆ ಅಂಟಿಸುವ ಮೇರಿಲ್ಯಾಂಡ್ ಬ್ರಿಡ್ಜ್ ಕೊಡುತ್ತೇನೆ. ತೆಗೆದು ಮತ್ತೆ ಹಾಕಿಕೊಳ್ಳುವ ಕಟ್ಟಿಸಿದ ಹಲ್ಲಿನ ಹಾಗೆ ಇದು ಗ್ರಾಫ್ಟ್ ಮೇಲೆ ಒತ್ತುವುದಿಲ್ಲ. ಲ್ಯಾಬ್ ಖರ್ಚು ಸ್ವಲ್ಪ ಜಾಸ್ತಿ, ನನ್ನ ಲೆಕ್ಕದಲ್ಲೇ ಸೇರಿಸಿಕೊಳ್ಳುತ್ತೇನೆ. ಹಲ್ಲು ಇಟ್ಟುಕೊಂಡು ಮನೆಗೆ ಹೋದವರು ಅವಸರ ಮಾಡುವುದಿಲ್ಲ.