ಮ್ಯೂಟ್ ಒತ್ತಿ ಕಲಿತ ಆಂಕರಿಂಗ್

"ದಾವಣಗೆರೆ ಸ್ಟ್ರಿಂಗರ್ ಆಂಕರ್ ಆಗೋದಾ? ಸುಮ್ನೆ ಬೈಟ್ ಕಳಿಸಪ್ಪ" ಎಂದು ಚಾನೆಲ್‌ನ ಸುದ್ದಿ ಡೆಸ್ಕಿನವರು ನಕ್ಕಿದ್ದರು. ಸ್ಟ್ರಿಂಗರ್ ಅಂದರೆ ಸಂಬಳವಿಲ್ಲದೆ ಸ್ಟೋರಿಗಿಷ್ಟು ಅಂತ ದುಡಿಯುವ ಊರಿನ ವರದಿಗಾರ, ಬೈಟ್ ಅಂದರೆ ಯಾರಾದರೂ ಕ್ಯಾಮೆರಾ ಮುಂದೆ ಹೇಳಿದ ತುಣುಕು ಮಾತು. ಈಗ ಬೆಳಗಿನ ಬುಲೆಟಿನ್ ನನ್ನದೇ. ಹೇಗೆ ಅಂತ ಕೇಳುವ ಜಿಲ್ಲಾ ವರದಿಗಾರರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಫೋನೋ (ಫೋನಿನಲ್ಲೇ ವರದಿ ಕೊಡುವುದು), ಪಿಟುಸಿ (ಸ್ಥಳದಲ್ಲಿ ಕ್ಯಾಮೆರಾಕ್ಕೆ ಮುಖ ಮಾಡಿ ಮಾತಾಡುವುದು) ಎಲ್ಲ ನಿಮಗೆ ಗೊತ್ತಿರುವುದೇ.

ಮೊದಲು ದುಡ್ಡಿನ ಮಾತು. ಲೋಕಲ್ ಕೇಬಲ್‌ನಲ್ಲಿ ಸುದ್ದಿ ಓದುವಾಗ ತಿಂಗಳಿಗೆ ಐದಾರು ಸಾವಿರ, ಅದೂ ಜಾಹೀರಾತು ಬಂದರೆ. ಆಮೇಲೆ ಒಂದು ಚಾನೆಲ್‌ಗೆ ಸ್ಟ್ರಿಂಗರ್ ಆದೆ. ಸ್ಟೋರಿಗೆ ಸುಮಾರು 200 ರೂಪಾಯಿ, ಪ್ರಸಾರವಾದರೆ ಮಾತ್ರ. ಜಗಳೂರಿಗೋ ಚನ್ನಗಿರಿಗೋ ಬೈಕಲ್ಲಿ ಹೋಗಿ ಬಂದರೆ ಅದರಲ್ಲಿ ಉಳಿಯುವುದೇನು? ಸೆಕೆಂಡ್ ಹ್ಯಾಂಡ್ ಕ್ಯಾಮೆರಾಕ್ಕೆ 40 ಸಾವಿರದ ಹತ್ತಿರ ಸಾಲ. ಪೇಮೆಂಟ್ ನಾಲ್ಕೈದು ತಿಂಗಳು ತಡ. ಮನೆ ನಡೆದಿದ್ದು ಮದುವೆ ವಿಡಿಯೋ ಎಡಿಟಿಂಗ್‌ನಿಂದ.

ಬೆಂಗಳೂರಲ್ಲಿ ಆಂಕರಿಂಗ್ ಕೋರ್ಸಿಗೆ 35 ಸಾವಿರ ಸುರಿದೆ. ಕೋಟು, ಮೇಕಪ್ಪು, ನಗುವ ಕ್ರಮ ಕಲಿಸಿದರು. ಪೆನ್ಸಿಲ್ ಕಚ್ಚಿ ಪೇಪರ್ ಓದಿಸಿದರು, ದವಡೆ ನೋವು ಬಂತು. ಹಕಾರ, ಅಕಾರ ಸರಿಹೋಗಿದ್ದು ದಿನಾ ರೆಕಾರ್ಡ್ ಮಾಡಿ ಅಮ್ಮನಿಗೆ ಕೇಳಿಸಿದ್ದರಿಂದ. ಆಡಿಷನ್‌ಗಳಲ್ಲಿ ಪ್ರಾಂಪ್ಟರ್ (ಕ್ಯಾಮೆರಾ ಮುಂದೆ ಅಕ್ಷರ ಓಡಿಸುವ ಪರದೆ) ನೀಟಾಗಿ ಓದುತ್ತಿದ್ದೆ. "ಸ್ಕ್ರಿಪ್ಟ್ ಇಲ್ಲ, ವಿಶುವಲ್ ಮೇಲೆ ಎರಡು ನಿಮಿಷ ಎಳೀರಿ", ಅಂದರೆ ಓಡುವ ದೃಶ್ಯಕ್ಕೆ ನೀವೇ ಮಾತು ಕಟ್ಟುತ್ತಾ ಹೋಗಿ, ಅಂದ ತಕ್ಷಣ ಬಾಯಿ ಒಣಗುತ್ತಿತ್ತು. 2006ರ ಕೊನೆಗೆ ಟಿವಿ9 ಕನ್ನಡ ಬಂದು 24 ಗಂಟೆ ಸುದ್ದಿಯ ಭರಾಟೆ ಹೆಚ್ಚಾದ ಮೇಲೆ ಆಂಕರ್‌ಗೆ ಓದುವ ಕೆಲಸಕ್ಕಿಂತ ಎಳೆಯುವ ಕೆಲಸವೇ ಜಾಸ್ತಿ. ಕೋರ್ಸಿನವರು ಇದನ್ನು ಮುಟ್ಟಲೇ ಇಲ್ಲ.

ಸ್ಟ್ರಿಂಗರ್ ಹತ್ತಿರ ಇರುವ ಆಸ್ತಿ ಅಂದರೆ ರಾ ಫುಟೇಜ್, ಎಡಿಟ್ ಆಗದ ದೃಶ್ಯ. ಎಪಿಎಂಸಿಯ ಮೆಕ್ಕೆಜೋಳದ ರಾಶಿ, ಭದ್ರಾ ನಾಲೆ ನೀರಿಗಾಗಿ ಕೊನೆ ಭಾಗದ ರೈತರ ಧರಣಿ, ಎಲ್ಲ ಹಾರ್ಡ್ ಡಿಸ್ಕಿನಲ್ಲಿ ಕೊಳೆಯುತ್ತಿತ್ತು. ಅದನ್ನೇ ಮ್ಯೂಟ್ ಮಾಡಿ ಹಾಕಿಕೊಂಡು ಹತ್ತು ನಿಮಿಷ ನಿಲ್ಲಿಸದೆ ಮಾತಾಡುತ್ತಿದ್ದೆ. ಮೊದಲು ಕಾಣುವುದು, ಆಮೇಲೆ ಊರು, ಆಮೇಲೆ ಹಿನ್ನೆಲೆ. ಹಿನ್ನೆಲೆಗೆ ಒಂದು ಚೀಟಿ ಇತ್ತು: ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ಅದಕ್ಕೂ ಮೊದಲು ನಾವು ಚಿತ್ರದುರ್ಗದವರು, ನೀರು ಬಿಡುವುದು ಲಕ್ಕವಳ್ಳಿಯ ಅಣೆಕಟ್ಟೆಯಿಂದ, ಹೀಗೆ. ಅಕ್ಕನ ಮಗನನ್ನು ಪಕ್ಕದ ರೂಮಿನಲ್ಲಿ ಕೂರಿಸಿ ಇಯರ್‌ಫೋನಿನಲ್ಲಿ ಕ್ರಿಕೆಟ್ ಸ್ಕೋರ್ ಓದಿಸುತ್ತಿದ್ದೆ. ಅದೇ ನನ್ನ ಟಾಕ್‌ಬ್ಯಾಕ್, ಅಂದರೆ ಲೈವ್‌ನಲ್ಲಿ ಆಂಕರ್ ಕಿವಿಗೆ ಬರುವ ಕಂಟ್ರೋಲ್ ರೂಮಿನ ಮಾತು. ಮೊದಮೊದಲು ರೈತರ ಧರಣಿಯಲ್ಲಿ ವಿಕೆಟ್ ಬೀಳುತ್ತಿತ್ತು! ಒಂದೆರಡು ತಿಂಗಳಲ್ಲಿ ಕಿವಿ ಬೇರೆ, ಬಾಯಿ ಬೇರೆ ಆಯಿತು.

ನಡುವೆ ಫೋಟೋ ಫ್ರೇಮಿನ ಗಾಜು, ರಟ್ಟು, ಮೊಬೈಲ್ ಸೇರಿಸಿ ಪ್ರಾಂಪ್ಟರ್ ಮಾಡಿದೆ. ಖರ್ಚು ಐದಾರು ನೂರು. ಹತ್ತಿರ ಇಟ್ಟರೆ ಕಣ್ಣು ಎಡಕ್ಕೂ ಬಲಕ್ಕೂ ಓಡುವುದು ಕಾಣುತ್ತದೆ. ಏಳೆಂಟು ಅಡಿ ದೂರ ಇಟ್ಟು ಅಕ್ಷರ ದೊಡ್ಡದು ಮಾಡಿ. ಪ್ರತಿಧ್ವನಿ ಬಾರದಂತೆ ಕಂಬಳಿ ಹೊದ್ದು ವಾಯ್ಸ್ ಓವರ್ ಕೊಡುವುದೂ ಕೆಲಸ ಮಾಡುತ್ತದೆ, ಏಪ್ರಿಲ್‌ನಲ್ಲಿ ಮಾತ್ರ ಬೇಡ.

ಫಲ ಸಿಕ್ಕಿದ್ದು ಹೆದ್ದಾರಿ ತಡೆಯ ದಿನ. ಸ್ಥಳದಿಂದಲೇ ಆಂಕರ್ ಜೊತೆ ಮಾತು, ಅಂದರೆ ಲೈವ್ ಚಾಟ್ ಅಂತ ಎರಡು ನಿಮಿಷ ಕೇಳಿದ್ದರು. ಸ್ಟುಡಿಯೋ ಕಡೆ ಏನೋ ಕೈಕೊಟ್ಟಿತು, "ಬಿಡಬೇಡಿ, ಮಾತಾಡ್ತಿರಿ" ಅಂದರು. ಇಪ್ಪತ್ತು ನಿಮಿಷದ ಹತ್ತಿರ ಎಳೆದೆ, ಒಂದು ವಾಕ್ಯ ಎರಡು ಸಲ ಬರಲಿಲ್ಲ. ನಕ್ಕಿದ್ದ ಅದೇ ಡೆಸ್ಕಿನಿಂದ ಮರುವಾರ ಫೋನ್.

ಶುರುವಿಗೆ 22 ಸಾವಿರ ಕೊಟ್ಟರು. ಪಿಜಿಗೇ ಎಂಟು ಹೋಗುತ್ತಿತ್ತು. ಮೊದಲ ವರ್ಷ ರಜೆ ಹಾಕಿ ಊರಿಗೆ ಬಂದು ಮದುವೆ ಎಡಿಟಿಂಗ್ ಮಾಡಿದ್ದೂ ಉಂಟು.

ಲೈವ್‌ನಲ್ಲಿ ಹೆಸರು ಮರೆತಾಗ ನೋಡುಗರಿಗೆ ಗೊತ್ತಾಗದಂತೆ ದಾಟುವ ಒಂದು ಉಪಾಯ ಇದೆ. ಅದನ್ನು ಮಾತ್ರ ಹೇಳಲ್ಲ, ಇನ್ನೂ ಕೆಲವು ವರ್ಷ ನನಗೇ ಬೇಕು. ಉಳಿದಂತೆ, ಕೋಟು ಹಾಕಿಕೊಂಡ ಶೋರೀಲ್ (ಮಾದರಿ ವಿಡಿಯೋ) ಚಾನೆಲ್‌ಗೆ ಕಳಿಸಬೇಡಿ. ನೀವೇ ತೆಗೆದ ಫುಟೇಜ್ ಮೇಲೆ ಹತ್ತು ನಿಮಿಷ, ಒಂದೂ ಕಟ್ ಇಲ್ಲದೆ ಮಾತಾಡಿ ಕಳಿಸಿ.