ಮೆಳ್ಳೆಗಣ್ಣಿನ ಫೆಲೋಶಿಪ್: ಕತ್ತರಿಗೆ ಮೊದಲು ಪ್ರಿಸಂ

ನೇತ್ರವಿಜ್ಞಾನದಲ್ಲಿ ಎಂಎಸ್ ಅಥವಾ ಡಿಎನ್‌ಬಿ ಮುಗಿಸಿ ಮಕ್ಕಳ ಕಣ್ಣಿನ ಫೆಲೋಶಿಪ್‌ಗೆ ಹೊರಟವರೆಲ್ಲ ಮೊದಲು ಕೇಳುವುದು ‘ಸರ್ಜರಿ ಎಷ್ಟು ಕೈಗೆ ಸಿಗುತ್ತದೆ?’ ಎಂದು. ಅದಕ್ಕೂ ಮುಂಚೆ ಕೇಳಬೇಕಾದ್ದು ಇನ್ನೊಂದಿದೆ: ಒಪಿಡಿಯಲ್ಲಿ ನಾನು ಅಳೆದ ಮೆಳ್ಳೆಯನ್ನು ಹಿರಿಯರೊಬ್ಬರು ಅದೇ ದಿನ ಮತ್ತೆ ಅಳೆದು ನೋಡುತ್ತಾರೆಯೇ? ಮಧುರೆಯ ಅರವಿಂದ್, ಹೈದರಾಬಾದ್‌ನ ಎಲ್.ವಿ. ಪ್ರಸಾದ್, ಚೆನ್ನೈನ ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯ, ಎಲ್ಲಿಗೆ ಅರ್ಜಿ ಹಾಕಿದರೂ ಇದನ್ನು ಅಲ್ಲಿ ಈಗ ಕಲಿಯುತ್ತಿರುವವರ ಬಳಿಯೇ ವಿಚಾರಿಸಿ. ಅವಧಿ ಸಾಮಾನ್ಯವಾಗಿ 1ರಿಂದ 2 ವರ್ಷ.

ಮೊದಲ ವಾರಗಳು ಆಟಿಕೆಯ ವಾರಗಳು: ಅಳೆಯುವಷ್ಟು ಹೊತ್ತು ಮಗುವಿನ ನೋಟ ಹಿಡಿದಿಡಲು ಬೇಕಾದ್ದು ಆಟಿಕೆ. ಒಂದು ಆಟಿಕೆಯನ್ನು ಮಗು ಒಮ್ಮೆ ಮಾತ್ರ ಗಮನವಿಟ್ಟು ನೋಡುತ್ತದೆ. ಜೇಬಿನಲ್ಲಿ ಐದಾರು ಇರಲಿ. ಡ್ರಾಪ್ಸ್ ಹಾಕುವುದು ಕೊನೆಗೆ. ಒಮ್ಮೆ ಅತ್ತ ಮಗು ಅವತ್ತು ಇನ್ನೇನನ್ನೂ ಅಳೆಯಗೊಡುವುದಿಲ್ಲ.

ಆಮೇಲೆ ಪ್ರಿಸಂ, ಅಂದರೆ ಬೆಳಕನ್ನು ಬಾಗಿಸಿ ಮೆಳ್ಳೆಯನ್ನು ಅಳೆಯುವ ಬೆಣೆಯಾಕಾರದ ಗಾಜು. 1 ಡಯಾಪ್ಟರ್ ಪ್ರಿಸಂ ಬೆಳಕನ್ನು 1 ಮೀಟರ್ ದೂರದಲ್ಲಿ 1 ಸೆಂ.ಮೀ. ಸರಿಸುತ್ತದೆ. ಕಣ್ಣು ಒಳಕ್ಕೆ ತಿರುಗಿದ ಒಳಮೆಳ್ಳೆಗೆ ಅದರ ದಪ್ಪ ಅಂಚು ಕಿವಿಯ ಕಡೆ, ಹೊರಕ್ಕೆ ತಿರುಗಿದ ಹೊರಮೆಳ್ಳೆಗೆ ಮೂಗಿನ ಕಡೆ. 6 ಮೀಟರ್ ಮತ್ತು 33 ಸೆಂ.ಮೀ. ಎರಡೂ ದೂರದಲ್ಲಿ, ಕನ್ನಡಕ ಹಾಕಿಸಿಯೂ ತೆಗೆಸಿಯೂ ಅಳೆಯಿರಿ. ಪ್ರಿಸಂ ಹಿಡಿದು ಕಣ್ಣುಗಳನ್ನು ಒಂದಾದ ಮೇಲೊಂದು ಮುಚ್ಚುತ್ತ ಕಣ್ಣು ಸರಿಯುವುದನ್ನು ನೋಡುವಾಗ ಎರಡೂ ಒಟ್ಟಿಗೆ ತೆರೆದಿರುವ ಕ್ಷಣವೇ ಬರಬಾರದು. ಬಂದರೆ ಮಿದುಳು ಎರಡು ಚಿತ್ರಗಳನ್ನು ಜೋಡಿಸಿಕೊಂಡು ಮೆಳ್ಳೆಯನ್ನು ಕಡಿಮೆ ತೋರಿಸುತ್ತದೆ. ಕಣ್ಣಿನ ಚಲನೆ ನಿಂತ ಮೇಲೂ ಪ್ರಿಸಂ ಏರಿಸಿ. ಚಲನೆ ತಿರುವುಮುರುವಾದಾಗ ಹಿಂದೆ ಬನ್ನಿ.

ಎಡವುವುದು ಎರಡು ಕಡೆ. ಟಾರ್ಚ್ ಬೆಳಕನ್ನೇ ಗುರಿಯಾಗಿ ತೋರಿಸಿದರೆ ಮಗು ಫೋಕಸ್ ಮಾಡುವ ಶ್ರಮಪಡುವುದಿಲ್ಲ, ಒಳಮೆಳ್ಳೆ ಅಡಗಿಕೊಳ್ಳುತ್ತದೆ. ಸಣ್ಣ ಚಿತ್ರವೇ ಬೇಕು. ಇನ್ನೊಂದು, 40ರ ಪ್ರಿಸಂ ಮೇಲೆ 10ರದ್ದನ್ನು ಒಂದೇ ದಿಕ್ಕಿಗೆ ಪೇರಿಸಿ 50 ಎಂದು ಬರೆಯುವುದು. ನಿಜವಾದ ಬಲ 50ನ್ನು ಮೀರಿರುತ್ತದೆ. ಎರಡು ಕಣ್ಣಿಗೆ ಹಂಚಿ ಹಿಡಿಯಿರಿ.

ಕನ್ನಡಕದ ನಂಬರಿಗೆ ಪುಟ್ಟ ಮಕ್ಕಳಲ್ಲಿ ಕಣ್ಣು ಫೋಕಸ್ ಮಾಡದಂತೆ ತಡೆಯುವ 1% ಅಟ್ರೊಪಿನ್ ಮುಲಾಮನ್ನು 3 ದಿನ ಹಚ್ಚಿಸಿ ರೆಟಿನೋಸ್ಕೋಪಿ (ಕಣ್ಣಿಗೆ ಬೆಳಕು ಹಾಯಿಸಿ ನಂಬರು ಕಂಡುಹಿಡಿಯುವ ಪರೀಕ್ಷೆ) ಮಾಡುತ್ತಾರೆ. ಮುಖ ಕೆಂಪೇರಿ ಜ್ವರ ಬಂದರೆ ನಿಲ್ಲಿಸಬೇಕೆಂದು ತಾಯಿಗೆ ಮೊದಲೇ ಹೇಳಿ. ಪ್ಲಸ್ ನಂಬರಿನಿಂದಾದ ಒಳಮೆಳ್ಳೆ ಎಷ್ಟೋ ಮಕ್ಕಳಲ್ಲಿ ಪೂರ್ತಿ ಕನ್ನಡಕದಿಂದಲೇ ನೇರವಾಗುತ್ತದೆ. ಅಲ್ಲಿ ಅವಸರಪಟ್ಟು ಕತ್ತರಿ ಹಿಡಿದರೆ ಮುಂದೆ ಕಣ್ಣು ಹೊರಕ್ಕೆ ತಿರುಗಬಹುದು. ಪಾಪೆ ಅರಳಿಸಿ ಅಕ್ಷಿಪಟಲ ನೋಡದೆ ಪ್ಯಾಚ್ (ಮಂದ ಕಣ್ಣಿಗೆ ಕೆಲಸ ಕೊಡಲು ಚೆನ್ನಾಗಿರುವ ಕಣ್ಣಿಗೆ ಹಾಕುವ ಮುಚ್ಚಿಗೆ) ಕೊಡುವ ಮಾತೇ ಇಲ್ಲ: ಅಕ್ಷಿಪಟಲದ ಕ್ಯಾನ್ಸರಾದ ರೆಟಿನೊಬ್ಲಾಸ್ಟೊಮಾ ಗಡ್ಡೆಯೂ ಮೆಳ್ಳೆಯ ವೇಷದಲ್ಲೇ ಬರುತ್ತದೆ.

ಅವಧಿಪೂರ್ವ ಶಿಶುಗಳ ಅಕ್ಷಿಪಟಲಕ್ಕೆ ಬರುವ ಆರ್‌ಒಪಿ ಎಂಬ ಕಾಯಿಲೆಯ ತಪಾಸಣೆಯೂ ಕಲಿಕೆಯಲ್ಲಿರಲಿ. ಹುಟ್ಟಿದಾಗ 2 ಕೆ.ಜಿ.ಯೊಳಗಿದ್ದ ಅಥವಾ 34 ವಾರ ತುಂಬದೆ ಹುಟ್ಟಿದ ಮಗುವನ್ನು 30 ದಿನದೊಳಗೆ ನೋಡಬೇಕು. 2008ರಲ್ಲಿ ಶುರುವಾದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕರ್ನಾಟಕದ ಊರುಗಳಲ್ಲಿ ಕ್ಯಾಮೆರಾ ಹಿಡಿದು ಮಾಡುತ್ತಿರುವುದೂ ಇದನ್ನೇ.

ಇನ್ನು ಸರ್ಜರಿ. ಅಭ್ಯಾಸಕ್ಕೆ ಮೊದಲು ಕಸಾಯಿಖಾನೆಯಿಂದ ತಂದ ಮೇಕೆಯ ಕಣ್ಣು. 35 ಡಯಾಪ್ಟರ್ ಒಳಮೆಳ್ಳೆಗೆ ಎರಡೂ ಕಣ್ಣಿನ ಮೀಡಿಯಲ್ ರೆಕ್ಟಸ್ ಸ್ನಾಯುವನ್ನು (ಕಣ್ಣನ್ನು ಮೂಗಿನ ಕಡೆಗೆ ಎಳೆಯುವುದು) 5 ಮಿ.ಮೀ. ಹಿಂದಕ್ಕೆ ಹೊಲಿಯುವುದು ವಾಡಿಕೆ. ದಾರ 6-0 ವಿಕ್ರಿಲ್, ತಾನೇ ಕರಗುವ ಸಣ್ಣ ಎಳೆ. ಸ್ನಾಯು ಅಂಟಿಕೊಂಡ ಜಾಗದ ಬೆನ್ನಿಗೇ ಕಣ್ಣಿನ ಬಿಳಿಗೋಡೆ 0.3 ಮಿ.ಮೀ. ಮಾತ್ರ ದಪ್ಪ. ಸೂಜಿಯನ್ನು ಚಪ್ಪಟೆಯಾಗಿ ಓಡಿಸಿ, ತುದಿ ಪದರದೊಳಗಿಂದ ಮಸುಕಾಗಿ ಕಾಣುತ್ತಲೇ ಇರಲಿ. ಕಾಣದಾದರೆ ಆಳಕ್ಕೆ ಇಳಿದಿದೆ ಎಂದೇ ಅರ್ಥ. ಸ್ನಾಯು ಎಳೆದಾಗ ಮಾನಿಟರಿನ ಬೀಪ್ ನಿಧಾನವಾದರೆ ಎಳೆತ ಸಡಿಲಿಸಿ, ಅರಿವಳಿಕೆ ತಜ್ಞರಿಗೆ ತಿಳಿಸಿ. ಹೃದಯಬಡಿತ ಸಾಮಾನ್ಯವಾಗಿ ತಾನೇ ಮರಳುತ್ತದೆ.

ಲಾಗ್‌ಬುಕ್ಕಿನಲ್ಲಿ ಸರ್ಜರಿಯ ಸಂಖ್ಯೆಯೊಂದನ್ನೇ ತುಂಬಬೇಡಿ. ಮೊದಲಿನ ಅಳತೆ, ಸರಿಸಿದ ಮಿ.ಮೀ., 6 ವಾರದ ನಂತರದ ಅಳತೆ, ಮೂರನ್ನೂ ಬರೆದಿಡಿ. ಸಾಲಾಗಿ ಮೂರು ಕಣ್ಣುಗಳಲ್ಲಿ ಮೆಳ್ಳೆ ಉಳಿದಿದ್ದರೆ ಮಿ.ಮೀ. ಕೋಷ್ಟಕ ತಿದ್ದಲು ಹೋಗದೆ ನಿಮ್ಮ ಪ್ರಿಸಂ ಅಳತೆಯನ್ನು ಇನ್ನೊಬ್ಬರ ಕೈಯಲ್ಲಿ ಅಳೆಸಿ ನೋಡಿ.